ಫ್ರಿಜ್ಜಿನ ಬಾಗಿಲಲ್ಲಿದ್ದ ಬಾಟಲಿ

ಕೃಷ್ಣಮೂರ್ತಿಪುರಂನ ಗಿರಿಜಾಂಬಾ ಅವರ ಮನೆಯಲ್ಲಿ ಬೆಳಿಗ್ಗೆ ಎರಡು ಕೆಲಸ ಆಗದೆ ಯಾರೂ ತಿಂಡಿ ಮುಟ್ಟುವಂತಿರಲಿಲ್ಲ. ಒಂದು, ಗಿರಿಜಾಂಬಾ ಅವರ ಲಿಂಗಪೂಜೆ. ಇನ್ನೊಂದು, ಮೊಮ್ಮಗಳು ಅಕ್ಷತಾಳ ಇನ್ಸುಲಿನ್ ಸೂಜಿ.

ಅಕ್ಷತಾಗೆ ಹನ್ನೊಂದು ವರ್ಷ. ಒಂಬತ್ತಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ಪಥ್ಯ, ಮಾತ್ರೆಯಲ್ಲಿ ಹತೋಟಿಗೆ ಬರುವ ಕಾಯಿಲೆ ಅದಲ್ಲ. ಅವಳ ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿತ್ತು. ಹೊರಗಿನಿಂದ ಕೊಟ್ಟರಷ್ಟೇ ಬದುಕು. ತಾಯಿ ಸರ್ವಮಂಗಳಾ ಸೂಜಿ ಕಂಡರೆ ಕಣ್ಣು ಕತ್ತಲಿಟ್ಟು ಕೂರುವವಳು. ಹಾಗಾಗಿ ಅರವತ್ತೆಂಟರ ಅಜ್ಜಿಯೇ ನರ್ಸ್ ಹತ್ತಿರ ಕಲಿತು ದಿನಕ್ಕೆರಡು ಸಲ ಚುಚ್ಚುತ್ತಿದ್ದರು.

"ನಮ್ಮಜ್ಜಿ ಸೊಳ್ಳೆಗಿಂತ ಮೆತ್ತಗೆ ಚುಚ್ತಾರೆ" ಅಂತ ಅಕ್ಷತಾ ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು.

ಅದು 2005. ಬರುವ ಸೋಮವಾರ ಅಕ್ಷತಾಗೆ ಲಿಂಗದೀಕ್ಷೆ ಎಂದು ಗೊತ್ತಾಗಿತ್ತು. ಐನೋರು ಬಂದು ಅವಳ ಅಂಗೈಗೆ ಲಿಂಗ ಕೊಡುತ್ತಾರೆ, ಅವತ್ತಿನಿಂದ ಅದು ಅವಳ ಎದೆಯ ಮೇಲೆ ಇರುತ್ತದೆ. ಅಪ್ಪ ರುದ್ರಸ್ವಾಮಿ ನೆಂಟರನ್ನು ಕರೆಯಲು ಚಾಮರಾಜನಗರದ ಕಡೆ ಹೋಗಿದ್ದ. ಗುರುವಾರ ಸಂಜೆ ಅಕ್ಷತಾ ಫ್ರಿಜ್ಜಿನ ಬಾಗಿಲಿಂದ ಇನ್ಸುಲಿನ್ ಬಾಟಲಿ ತೆಗೆದು, ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದಳು.

"ಬೊವೈನ್. ಹಂಗಂದ್ರೇನು ಅಜ್ಜಿ?"

"ನಂಗೇನು ಗೊತ್ತೇ? ನಿನ್ನ ನಿಘಂಟು ನೋಡು."

ಅಕ್ಷತಾ ನೋಡಿದಳು. ಗೋವಿಗೆ ಸಂಬಂಧಿಸಿದ್ದು ಎಂದಿತ್ತು.

ಗಿರಿಜಾಂಬಾ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಮೊಟ್ಟೆ ಹಾಕಿದ ಕೇಕೂ ಹೊಸಿಲು ದಾಟದ ಮನೆ ಅದು. ಎರಡು ವರ್ಷದಿಂದ ತಮ್ಮ ಕೈಯಾರೆ ಮಗುವಿನ ಮೈಗೆ ಹಾಕುತ್ತಿದ್ದದ್ದು ಏನು?

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಸೂಜಿ ಹಾಕಿದರು. ಆದರೆ ಮನಸ್ಸು ಒಪ್ಪಲಿಲ್ಲ. ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಡಾಕ್ಟರ ಕ್ಲಿನಿಕ್ಕಿಗೆ ನಡೆದರು. ಒಂದೂವರೆ ಗಂಟೆ ಕಾದ ಮೇಲೆ ಒಳಗೆ ಬಿಟ್ಟರು.

"ಡಾಕ್ಟ್ರೇ, ಇದನ್ನ ಯಾವುದರಿಂದ ಮಾಡ್ತಾರೆ?"

ಡಾಕ್ಟರು ತಲೆ ಎತ್ತಲಿಲ್ಲ. "ಬರೆದಿದ್ದನ್ನ ಚುಚ್ಚಿ ಅಜ್ಜಿ. ಔಷಧಿ ಜಾತಿ ಗೋತ್ರ ಕಟ್ಕೊಂಡು ನಿಮಗೇನಾಗಬೇಕು? ಹೇಳಿದ್ರೆ ಅರ್ಥ ಆಗುತ್ತಾ?"

ಬಾಗಿಲ ಬಳಿ ನಿಂತಿದ್ದವರು ನಕ್ಕರು. ಗಿರಿಜಾಂಬಾ ಬಾಟಲಿ ಸುತ್ತಿಕೊಂಡು ವಾಪಸು ಬಂದರು. ಮುಚ್ಚಿಡುತ್ತಾರೆ ಅಂದರೆ ನಿಜವೇ ಇರಬೇಕು. ಮೂರು ದಿನ ತಾನೇ, ದೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅಂದುಕೊಂಡರು. ಸಂಜೆ ಸೂಜಿಯ ಬದಲು ಹಾಗಲಕಾಯಿ ರಸ ಕೊಟ್ಟರು.

"ದೀಕ್ಷೆ ತನಕ ಸೂಜಿ ಬೇಡ ಮರಿ. ನಿಮ್ಮಮ್ಮಂಗೆ ಹೇಳ್ಬೇಡ."

ಸೂಜಿ ಇಲ್ಲ ಅಂದರೆ ಯಾವ ಮಗು ಬೇಡ ಅನ್ನುತ್ತದೆ? ಅಡುಗೆಮನೆಯಿಂದ ಸರ್ವಮಂಗಳಾ "ಆಯ್ತಾ ಅತ್ತೆ?" ಅಂದಾಗ ಗಿರಿಜಾಂಬಾ "ಆಯ್ತು ಕಣೆ" ಅಂದರು. ಶನಿವಾರವೂ ಎರಡು ಸಲ ಹಾಗೇ ಅಂದರು.

ಭಾನುವಾರ ಬೆಳಿಗ್ಗೆ ಏಳಕ್ಕೆ, ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ವಾಣಿ ರಾತ್ರಿ ಪಾಳಿ ಮುಗಿಸಿ ಬಂದಳು. ಹೆಬ್ಬಾಳದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಬಟ್ಟೆ ಸೋಪಿನ ಪುಡಿಯಲ್ಲಿ ಕಲೆ ತೆಗೆಯುವ ಒಂದು ವಸ್ತು ಇರುತ್ತದೆ. ಅದನ್ನು ಅಲ್ಲಿ ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ. ಗಿರಿಜಾಂಬಾ ಅವಳನ್ನು "ಸೋಪಿನ ಪುಡಿಯೋಳು" ಅಂತಲೇ ರೇಗಿಸುತ್ತಿದ್ದರು.

ಬಾಗಿಲಲ್ಲಿ ಸರ್ವಮಂಗಳಾ ವಾಂತಿ ತೊಳೆಯುತ್ತಿದ್ದಳು.

"ಅಕ್ಷತಾದು ಕಣೆ. ಬೆಳಗಿನ ಜಾವದಿಂದ ನಾಕು ಸಲ. ನಿನ್ನೆಯಿಂದ ನೀರು ಕುಡಿದಿದ್ದೇ ಕುಡಿದಿದ್ದು. ಅಜೀರ್ಣ ಅಂತಾರೆ ಅತ್ತೆ."

ವಾಣಿ ಒಳಗೆ ಹೋದಳು. ಹುಡುಗಿ ಹೊಟ್ಟೆ ಹಿಡಿದು ಮಲಗಿದ್ದಳು. ಓಡಿ ಬಂದವಳ ಹಾಗೆ ಜೋರು ಜೋರಾಗಿ ಉಸಿರಾಡುತ್ತಿದ್ದಳು. ವಾಣಿ ಬಗ್ಗಿದಳು. ಉಸಿರಿನಲ್ಲಿ ಲ್ಯಾಬಿನ ಅಸಿಟೋನ್ ವಾಸನೆ. ಉಗುರಿನ ಬಣ್ಣ ತೆಗೆಯುವ ದ್ರವದ್ದೂ ಅದೇ ವಾಸನೆ.

"ಅಮ್ಮಾ, ಸೂಜಿ ಯಾವಾಗ ಹಾಕಿದ್ರಿ?"

ಗಿರಿಜಾಂಬಾ ಗೋಡೆ ನೋಡಿದರು. "ಶುಕ್ರವಾರ ಬೆಳಿಗ್ಗೆ. ದೀಕ್ಷೆ ಇದೆ ಅಂತ ನಿಲ್ಲಿಸ್ಬುಟ್ಟೆ."

"ಅತ್ತೆ!" ಸರ್ವಮಂಗಳಾಳ ಕೈಯಿಂದ ತಂಬಿಗೆ ಬಿತ್ತು. "ಆಯ್ತು ಆಯ್ತು ಅಂದ್ರಲ್ಲ! ಕೊಂದುಬುಡ್ತಿದ್ರಲ್ಲ ನನ್ನ ಮಗೂನ!"

"ಜಗಳ ಆಮೇಲೆ ಆಡಿ" ಅಂದಳು ವಾಣಿ. "ಇನ್ಸುಲಿನ್ ಇಲ್ದೆ ಮೈ ರಕ್ತ ಎಲ್ಲಾ ಹುಳಿಯಾಗ್ತಿದೆ, ಉಸಿರಿನ ವಾಸನೆ ಅದರದ್ದೇ. ಆಟೋ ಕರೀತೀನಿ, ಮಗೂನ ಎತ್ಕೊಳ್ಳಿ."

ದೊಡ್ಡಾಸ್ಪತ್ರೆಯಲ್ಲಿ ಕೂಡಲೇ ಡ್ರಿಪ್ ಹಾಕಿದರು. ನರ್ಸ್ ಇನ್ಸುಲಿನ್ ಬಾಟಲಿ ಹಿಡಿದು ಬಂದಾಗ ಗಿರಿಜಾಂಬಾ ಅವಳ ಮುಂಗೈ ಹಿಡಿದರು.

"ಇದು ಯಾವುದರಿಂದ ಮಾಡಿದ್ದು?"

"ಏನ್ ಅಜ್ಜಿ, ಬಿಡಿ ಕೈ!"

ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನರ್ಸನ್ನು ತಡೆದು, ಬಾಟಲಿ ತಿರುಗಿಸಿ ಓದಿದಳು. "ಹಸುವಿನ ಮೇದೋಜೀರಕ ಗ್ರಂಥಿಯಿಂದ ತೆಗೆದಿದ್ದಮ್ಮ. ಬೇರೆ ಥರದ್ದೂ ಇದೆ, ಅದನ್ನ ಪ್ರಾಣಿಯಿಂದ ತೆಗೆಯಲ್ಲ. ಆದರೆ ಹೊರಗಡೆಯಿಂದ ತರಿಸ್ಬೇಕು. ಮಗು ಅಷ್ಟು ಹೊತ್ತು ಕಾಯೋ ಹಾಗಿಲ್ಲ. ನೀವೂ, ಮಗುವಿನ ತಾಯೀನೂ ಹೇಳಿ, ಇದನ್ನೇ ಹಾಕ್ಲಾ?"

ಮೂರು ದಿನದಲ್ಲಿ ಗಿರಿಜಾಂಬಾ ಅವರಿಗೆ ಸಿಕ್ಕ ಮೊದಲ ಉತ್ತರ ಅದು. ಸರ್ವಮಂಗಳಾ ಬಾಯಿ ತೆರೆಯುವ ಮೊದಲೇ ಅವರು ನರ್ಸಿನ ಕೈ ಬಿಟ್ಟು ಸೆರಗಿನ ಒಳಗಿನ ಲಿಂಗವನ್ನು ಹಿಡಿದುಕೊಂಡರು.

"ಹಾಕಮ್ಮ. ಪಾಪ ಏನಿದ್ರೂ ನನಗಿರ್ಲಿ."

ಸಂಜೆ ಹೊತ್ತಿಗೆ ಅಕ್ಷತಾಳ ಉಸಿರು ನೆಟ್ಟಗಾಯಿತು. ಅಪಾಯ ಕಳೆಯಿತು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಗಿರಿಜಾಂಬಾ ವರಾಂಡದ ಬೆಂಚಿಗೆ ಬಂದು ಕೂತರು. ವಾಣಿ ಕಾಫಿ ತಂದಳು.

"ನೀನಾದ್ರೂ ಬೈಯೇ" ಅಂದರು ಗಿರಿಜಾಂಬಾ.

"ನೀವು ಕೇಳಿದ್ದು ಸರಿ ಅಮ್ಮಾ. ನಿಲ್ಲಿಸಿದ್ದು ತಪ್ಪು."

"ಅದ್ಯಾವುದೋ ಬೇರೆ ಥರದ್ದು ಅಂದ್ಲಲ್ಲ ಆ ಡಾಕ್ಟರಮ್ಮ, ಅದೇನದು?"

"ಅದಕ್ಕೆ ಮನುಷ್ಯರ ಇನ್ಸುಲಿನ್ ಅಂತಾರೆ."

"ಶಿವ ಶಿವಾ! ಯಾರ ಹೊಟ್ಟೆಯಿಂದ ತೆಗೀತಾರೆ?"

"ಯಾರ ಹೊಟ್ಟೇನೂ ಮುಟ್ಟಲ್ಲ. ಇನ್ಸುಲಿನ್ ಹೆಂಗೆ ಮಾಡ್ಬೇಕು ಅನ್ನೋ ಪಾಠ ನಮ್ಮ ಮೈಯ ಜೀವಕೋಶದಲ್ಲಿ ಬರ್ದಿರುತ್ತೆ. ಆ ಪಾಠದ ನಕಲನ್ನ ವಿಜ್ಞಾನಿಗಳು ಕಣ್ಣಿಗೆ ಕಾಣದ ಒಂದು ಜೀವಿಯೊಳಗೆ ಸೇರಿಸಿದ್ರು."

"ಹುಳಕ್ಕೆ ಪಾಠ ಹೇಳಿದ್ರು ಅನ್ನು!"

"ಹುಳ ಅಲ್ಲಮ್ಮಾ. ನೀವು ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅದರಲ್ಲಿ ಇರುತ್ತಲ್ಲ, ಅಂಥ ಪುಟ್ಟ ಜೀವಿ. ದೊಡ್ಡ ಸ್ಟೀಲ್ ತೊಟ್ಟಿಯಲ್ಲಿ ಅದಕ್ಕೆ ನೀರು, ಸಕ್ಕರೆ ಕೊಟ್ಟು ಬೆಳೆಸ್ತಾರೆ. ಒಂದು ಹೋಗಿ ಕೋಟಿ ಆಗುತ್ತೆ. ಕಲಿತ ಪಾಠದ ಪ್ರಕಾರ ಎಲ್ಲಾ ಸೇರಿ ಇನ್ಸುಲಿನ್ ಮಾಡ್ತವೆ. ಅದನ್ನ ಸೋಸಿ, ಶುದ್ಧ ಮಾಡಿ, ಬಾಟಲಿಗೆ ತುಂಬ್ತಾರೆ. ನಮ್ಮ ಫ್ಯಾಕ್ಟರೀಲಿ ಸೋಪಿನ ಪುಡೀದು ಮಾಡೋದೂ ಹೆಚ್ಚು ಕಮ್ಮಿ ಇದೇ ಥರ."

"ಈಗ ಬಂದಿದ್ದೇನು ಇದು?"

"ಇಪ್ಪತ್ತು ವರ್ಷದ ಮೇಲಾಯ್ತು. ಮೊದಲು ಬೆಲೆ ಜಾಸ್ತಿ ಇತ್ತು. ಈಗ ನಮ್ಮ ದೇಶದಲ್ಲೇ ಮಾಡ್ತಾರೆ."

ಗಿರಿಜಾಂಬಾ ಕಾಫಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದರು. "ಇಪ್ಪತ್ತು ವರ್ಷ! ಎರಡು ವರ್ಷದಿಂದ ಆ ಕ್ಲಿನಿಕ್ಕಿಗೆ ತಿರುಗ್ತಿದ್ದೀನಿ. ಒಂದು ದಿನ, ಒಂದೇ ಒಂದು ಮಾತು ಹೇಳ್ಬಾರದಿತ್ತಾ?"

ಸುದ್ದಿ ತಿಳಿದು ಊರಿಂದ ಓಡಿ ಬಂದಿದ್ದ ಅಪ್ಪನ ಜೊತೆ ಐದನೇ ದಿನ ಅಕ್ಷತಾ ಮನೆಗೆ ಬಂದಳು. ಡಾಕ್ಟರಮ್ಮ ಹೊಸ ಇನ್ಸುಲಿನ್ ಬರೆದು, ಎಷ್ಟು ಹಾಕಬೇಕು ಎಂದು ಮತ್ತೆ ಲೆಕ್ಕ ಹಾಕಿ ಕೊಟ್ಟಿದ್ದಳು. ಮರುದಿನವೇ ಗಿರಿಜಾಂಬಾ ಹಳೇ ಬಾಟಲಿ ಹಿಡಿದು ಕ್ಲಿನಿಕ್ಕಿಗೆ ಹೋದರು. ಜೊತೆಗೆ ವಾಣಿಯೂ ಇದ್ದಳು. ಈ ಸಲ ಕಾಯಲಿಲ್ಲ. ಬೆಂಚಿನಲ್ಲಿ ಕೂತಿದ್ದ ರೋಗಿಗಳೆಲ್ಲ ನೋಡುತ್ತಿರುವಾಗಲೇ ಬಾಗಿಲು ತಳ್ಳಿದರು.

"ನನ್ನ ಮೊಮ್ಮಗಳು ಸಾಯೋಳಿದ್ಲು ಡಾಕ್ಟ್ರೇ. ಇದರಲ್ಲಿ ಏನಿದೆ ಅಂತ ಕೇಳಿದ್ದೆ ನಾನು."

ಡಾಕ್ಟರು ಬಾಟಲಿ ನೋಡಿದರು. ಮುಖ ಇಳಿಯಿತು. "ಅಗ್ಗ ಅಂತ ಬರೆದೆ ಅಮ್ಮ. ಹೇಳಿದ್ರೆ ನಿಮ್ಮಂಥವರು ಬಿಟ್ಬಿಡ್ತಾರೆ ಅಂತ..."

"ಹೇಳ್ದೇ ಇದ್ದಿದ್ದಕ್ಕೇ ಬಿಟ್ಟಿದ್ದು ಕಣ್ರೀ! ಆಸ್ಪತ್ರೇಲಿ ಆ ಡಾಕ್ಟರಮ್ಮ ನಿಜ ಹೇಳಿದ್ಲು, ಅದೇ ಹಸುವಿನದ್ದನ್ನೇ ಹಾಕಿಸ್ದೆ. ನನಗೆ ಅರ್ಥ ಆಗಲ್ಲ ಅಂತ ನಿಮಗ್ಯಾರು ಹೇಳಿದ್ದು?"

ಯಾರೂ ನಗಲಿಲ್ಲ. ಬೆಂಚಿನ ತುದಿಯಲ್ಲಿದ್ದ ಮುದುಕರೊಬ್ಬರು ಎದ್ದು ನಿಂತು, ಜೇಬಿನಿಂದ ತಮ್ಮ ಬಾಟಲಿ ತೆಗೆದರು. "ನಂದೂ ಸ್ವಲ್ಪ ಓದಿ ಹೇಳಿ ಡಾಕ್ಟ್ರೇ" ಅಂದರು. ಡಾಕ್ಟರು ಕನ್ನಡಕ ಹಾಕಿಕೊಂಡು ಓದಿದರು.

ಮುಂದಕ್ಕೆ ಹಾಕಿದ್ದ ದೀಕ್ಷೆ ಮುಂದಿನ ಸೋಮವಾರ ನಡೆಯಿತು. ಐನೋರು ಬಂದು ಮಣೆಯ ಮೇಲೆ ಕೂತು, "ಮಗೂನ ಕರೀರಿ" ಅಂದರು.

"ಒಂದು ನಿಮಿಷ ಬುದ್ಧಿ" ಅಂದರು ಗಿರಿಜಾಂಬಾ. ಫ್ರಿಜ್ಜಿನ ಬಾಗಿಲು ತೆಗೆದು ಹೊಸ ಬಾಟಲಿ ಹಿಡಿದರು. ಐನೋರ ಎದುರಿಗೇ, ಸೊಸೆಯ ಎದುರಿಗೇ ಮೊಮ್ಮಗಳಿಗೆ ಸೂಜಿ ಹಾಕಿದರು. ಹೊತ್ತಿಗೆ ಸರಿಯಾಗಿ ತಿಂಡಿಯನ್ನೂ ತಿನ್ನಿಸಿದರು. ಸರ್ವಮಂಗಳಾ ಕಣ್ಣು ಮುಚ್ಚಿಕೊಳ್ಳದೆ ನೋಡಿದಳು. ಆಮೇಲೆ ಅಕ್ಷತಾ ಮಣೆಯ ಮುಂದೆ ಕೂತು ಅಂಗೈ ಚಾಚಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಬಾಟಲಿ ಇರಬಹುದು. ಇವತ್ತೇ ತೆಗೆದು ನೋಡಿ. ಇದು ಏನು, ಯಾವುದರಿಂದ ಮಾಡಿದ್ದು, ಬೇರೆ ಇದೆಯೇ ಎಂದು ಡಾಕ್ಟರನ್ನು ಕೇಳಿ. ನಿಮ್ಮ ಮೈಯೊಳಗೆ ಹೋಗುವುದರ ಬಗ್ಗೆ ತಿಳಿಯುವುದು ನಿಮ್ಮ ಹಕ್ಕು. ನಕ್ಕರೆ ಮತ್ತೆ ಕೇಳಿ. ಗದರಿದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ಕೇಳಿ. ಆದರೆ ಉತ್ತರ ಸಿಗುವ ತನಕ ಒಂದು ಹೊತ್ತಿನ ಇನ್ಸುಲಿನ್ನನ್ನೂ ತಪ್ಪಿಸಬೇಡಿ. ವ್ರತಕ್ಕೂ ಬೇಡ, ಹಬ್ಬಕ್ಕೂ ಬೇಡ, ದೀಕ್ಷೆಗೂ ಬೇಡ. ಡಾಕ್ಟರನ್ನು ಕೇಳದೆ ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಬೇಡಿ. ಹಾಗಲಕಾಯಿ ಪಲ್ಯ ಊಟಕ್ಕಿರಲಿ. ಅಕ್ಷತಾಳಂಥ ಮಗುವಿಗೆ ಅದು ಇನ್ಸುಲಿನ್ ಆಗುವುದಿಲ್ಲ.

ಬಾಯಿ ಮುಚ್ಚಿಸುವವರ ಮೇಲಿನ ಸಿಟ್ಟನ್ನು ಅವರ ಮೇಲೆಯೇ ತೀರಿಸಿಕೊಳ್ಳಿ. ಮಗುವಿನ ಸೂಜಿಯ ಮೇಲೆ ಬೇಡ.