ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ

ಒಂದು ಮಾತನ್ನೂ ಆಡದೆ ಇನ್ನೊಬ್ಬರನ್ನು ನೀವು ಕೊನೆಯ ಸಲ ಅವಮಾನಿಸಿದ್ದು ಯಾವಾಗ? ನೆನಪಿಗೆ ಬರುತ್ತಿಲ್ಲವೆಂದರೆ ಆಶ್ಚರ್ಯವೇನಿಲ್ಲ. ಬಾಯಿ ತೆರೆದು ಬೈದವನಿಗೆ ತಾನು ಬೈದದ್ದು ನೆನಪಿರುತ್ತದೆ. ಬಾಯಿ ಮುಚ್ಚಿಕೊಂಡು ಮಾಡಿದ ಅನ್ಯಾಯ ಮಾಡಿದವರ ಲೆಕ್ಕಕ್ಕೆ ಸೇರುವುದೇ ಇಲ್ಲ. ಬಾಗಲಗುಂಟೆಯ ಒಂದು ಬಾಡಿಗೆ ಕೋಣೆಯಲ್ಲಿ ಅಂಥದೊಂದು ಅನ್ಯಾಯ ನಡೆಯಿತು. ಮಾಡಿದವರು ಇಂದಿಗೂ ತಮ್ಮನ್ನು ಒಳ್ಳೆಯವರೆಂದೇ ತಿಳಿದಿದ್ದಾರೆ. ನನ್ನ ಸಿಟ್ಟಿಗೆ ಅದೇ ಕಾರಣ.

ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಸೊಣ್ಣಮ್ಮನವರು ಈಗ ಬಾಡಿಗೆಯ ಕೋಣೆಗಳನ್ನು ಎಬ್ಬಿಸಿದ್ದಾರೆ. ಮೇಲಂತಸ್ತಿನ ಕೊನೆಯ ಕೋಣೆಯಲ್ಲಿ ಉತ್ತರದ ಜಿಲ್ಲೆಗಳಿಂದ ಬಂದ ಮೂವರು ಹೆಂಗಸರಿದ್ದರು. ಮೂವರೂ ಪೀಣ್ಯದ ಒಂದೇ ಗಾರ್ಮೆಂಟ್ಸಿನಲ್ಲಿ ಹೊಲಿಗೆಯವರು. ಹಿರಿಯವಳು ನೀಲಾಂಬಿಕಾ, ಕೋಣೆ ಅವಳ ಹೆಸರಿನಲ್ಲಿತ್ತು. ಮಹಾನಂದಾ ಎರಡನೆಯವಳು, ನಗದೆ ಅವಳಿಗೆ ಮಾತು ಬಾರದು. ಮೂರನೆಯವಳು ಮುದುಕವ್ವ. ಅಜ್ಜಿಯ ಹೆಸರನ್ನು ಹೊತ್ತ, ಇನ್ನೂ ಮೂವತ್ತು ತುಂಬದ ಹೆಣ್ಣು.

ಸಂಜೆ ಫ್ಯಾಕ್ಟರಿ ಬಿಟ್ಟು ಬಂದ ಮೇಲೆ ಒಂದೇ ಒಲೆಯ ಮೇಲೆ ಒಂದೇ ಪಾತ್ರೆಯಲ್ಲಿ ಅಡುಗೆ. ಸರದಿಯ ಮೇಲೆ ಒಬ್ಬೊಬ್ಬರು ಮಾಡುವರು. ಪಾತ್ರೆಯನ್ನು ನಡುವೆ ಇಟ್ಟು, ಊರಿನಿಂದ ತಂದ ಒಣ ಕಟಕ ರೊಟ್ಟಿ ಮುರಿದುಕೊಂಡು ಮೂವರೂ ಸುತ್ತ ಕೂರುವರು. ಮುದುಕವ್ವ ಬದನೆಕಾಯಿಗೆ ಗುರೆಳ್ಳು ಪುಡಿ ತುಂಬಿ ಪಲ್ಯ ಮಾಡಿದ ದಿನ ಪಾತ್ರೆಯ ತಳ ಬಳಿಯಲು ಜಗಳವಾಗುತ್ತಿತ್ತು.

"ಹೆಸರಷ್ಟ ಮುದುಕಿ, ಕೈ ನೋಡಿದ್ರ ಮದುವಿ ಮನಿ ಅಡಗಿ ಭಟ್ಟರದು," ಎಂದು ಮಹಾನಂದಾ ಬೆರಳು ನೆಕ್ಕುವಳು.

"ನೀ ತಿಂದು ಮುಗಸಬ್ಯಾಡ, ಅಕ್ಕಗ ಬಿಡು," ಎಂದು ಮುದುಕವ್ವ ಪಾತ್ರೆಯನ್ನು ನೀಲಾಂಬಿಕಾಳ ಕಡೆಗೆ ಸರಿಸುವಳು.

ಹಾಗೆ ಸರಿಸುವುದರಲ್ಲಿ ಅವಳಿಗಿದ್ದ ಸುಖವನ್ನು ಉಳಿದಿಬ್ಬರು ಊಹಿಸಲಾರರು. ಮುದುಕವ್ವ ಹುಟ್ಟಿ ಬೆಳೆದ ಊರಿನಲ್ಲಿ ಅವಳ ಕೈಯ ಅಡುಗೆಯನ್ನು ಅವಳ ಓಣಿಯವರಲ್ಲದೆ ಬೇರೆಯವರು ಉಂಡದ್ದಿಲ್ಲ. ಬೆಂಗಳೂರಿನಿಂದ ಅವಳು ಬೇರೇನನ್ನೂ ಕೇಳಿರಲಿಲ್ಲ. ಕೇಳದೆಯೇ ಇದೊಂದು ಅವಳಿಗೆ ದೊರಕಿತ್ತು. ಅದು ಕೈತಪ್ಪಬಾರದೆಂಬ ಆಸೆಯೊಂದೇ ಅವಳಿಗಿತ್ತು. ತನ್ನ ಓಣಿಯ ಬಗ್ಗೆ ಅವಳು ಸುಳ್ಳು ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಕೇಳುವವಳೊಬ್ಬಳು ಬಂದಳು. ಹೊಲಿಗೆಯ ಸಾಲಿಗೆ ಹೊಸದಾಗಿ ಸೇರಿದ ಹೆಂಗಸು, ಮುದುಕವ್ವನ ಪಕ್ಕದ ಊರಿನವಳು. ಊಟದ ಬಿಡುವಿನಲ್ಲಿ ಊರಿನ ಹೆಸರು ಕೇಳಿ ಹಿಗ್ಗಿದಳು. "ಅಲ್ಲೇನು? ನಮ್ಮ ಸ್ವಾದರಮಾವನ ಊರು! ಯಾವ ಓಣಿ ನಿಮ್ಮದು?"

ಆ ಸೀಮೆಯಲ್ಲಿ ಮರ್ಯಾದಸ್ಥರು ಜಾತಿ ಕೇಳುವುದಿಲ್ಲ, ಓಣಿ ಕೇಳುತ್ತಾರೆ. ಉತ್ತರ ಮಾತ್ರ ಅದೇ ದೊರೆಯುತ್ತದೆ. ಮುದುಕವ್ವ "ಕೆಳಗೇರಿ," ಎಂದಳು. ಆ ಹೆಂಗಸಿನ ಹಿಗ್ಗು ಅಲ್ಲಿಗೆ ಇಳಿಯಿತು. ಪಕ್ಕದಲ್ಲೇ ಕುಳಿತಿದ್ದ ನೀಲಾಂಬಿಕಾ ನೀರಿನ ಬಾಟಲಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸುತ್ತ ಕುಳಿತಳು.

ಮರುದಿನ ಸಂಜೆ ನೀಲಾಂಬಿಕಾ ಅಂಗಡಿಯಿಂದ ಅಲ್ಯೂಮಿನಿಯಂ ಫಾಯಿಲ್ಲಿನ ಒಂದು ಸುರುಳಿಯನ್ನೂ ಒಂದು ಇಡ್ಲಿ ಪಾತ್ರೆಯನ್ನೂ ತಂದಳು.

"ಫೋನಿನ್ಯಾಗ ನೋಡೀನಿ. ವಾರದ ದಿನ ರಾತ್ರಿ ಅಡಗೀಗೆ ಇದರಷ್ಟು ಸುಲಭ ಮತ್ತೊಂದಿಲ್ಲಂತ. ಕಾಯಿಪಲ್ಯ ಹೆಚ್ಚಿ, ಎಣ್ಣಿ ಖಾರ ಹಚ್ಚಿ, ಹಾಳಿಯೊಳಗ ಮಡಚಿ, ಹಬಿ ಮ್ಯಾಲ ಇಟ್ಟರ ಆತು. ಅವರವರದು ಅವರವರಿಗೆ. ಪಾತ್ರಿ ತಿಕ್ಕೂದೂ ತಪ್ಪಿತು."

"ಹುಟ್ಟಾ ಬೆಳ್ಳಿ ತಾಟಿನ್ಯಾಗ ಉಂಡಿರಲಿಲ್ಲ, ಈಗ ಬೆಳ್ಳಿ ಹಾಳಿ ಬಂತು," ಎಂದು ಮಹಾನಂದಾ ನಕ್ಕಳು. ಮುದುಕವ್ವನೂ ನಕ್ಕಳು. ದಿನವಿಡೀ ಕಾಲರು ಹೊಲಿದು ಬೆರಳು ಸೆಟೆದ ಹೆಂಗಸಿಗೆ ಪಾತ್ರೆ ತಿಕ್ಕುವುದು ತಪ್ಪಿದರೆ ಸಂತೋಷವಾಗದೆ ಇರುತ್ತದೆಯೇ?

ಅಡುಗೆಯ ಆ ವಿಧಾನದಲ್ಲಿ ದೋಷವಿರಲಿಲ್ಲ. ಆಲೂಗಡ್ಡೆಯ ಮೇಲೆ ಮೆಂತ್ಯದ ಸೊಪ್ಪು, ಹುರುಳಿಕಾಯಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ನೆನೆಸಿದ ಹೆಸರುಬೇಳೆಗೆ ಬೆಳ್ಳುಳ್ಳಿ. ಅಂಚುಗಳನ್ನು ಎರಡು ಸಲ ಮಡಚಿದರೆ ರಸ ಹೊರಗೆ ಸೋರದೆ ಒಳಗೇ ಬೇಯುತ್ತಿತ್ತು. ಗುರುತಿಗಾಗಿ ಮುದುಕವ್ವ ತನ್ನ ಪೊಟ್ಟಣದ ತುದಿಯನ್ನು ಜುಟ್ಟಿನಂತೆ ತಿರುಚುತ್ತಿದ್ದಳು. ತಪ್ಪಿದ್ದದ್ದು ಪೊಟ್ಟಣವನ್ನು ತಂದ ಕಾರಣದಲ್ಲಿ. ಆ ಕಾರಣ ಮೆಲ್ಲಮೆಲ್ಲನೆ ಹೊರಬಿತ್ತು.

ಇಡ್ಲಿ ಪಾತ್ರೆಯ ತಟ್ಟೆಗಳು ಒಂದರ ಮೇಲೊಂದು ಇದ್ದವು. ಮುದುಕವ್ವನ ಪೊಟ್ಟಣ ಕೆಳಗಿನ ತಟ್ಟೆಯಲ್ಲಿತ್ತು. ಒಂದು ಸಂಜೆ ನೀಲಾಂಬಿಕಾ ಅದನ್ನು ಎತ್ತಿ ಮೇಲಿನ ತಟ್ಟೆಗೆ ಇಟ್ಟಳು. "ಕೆಳಗ ಹಬಿ ಜಾಸ್ತಿ. ನಿನ್ನ ಬದನಿಕಾಯಿ ಕರಗಿ ಹೋಗತೈತಿ." ಮುದುಕವ್ವ ನಂಬಿದಳು. ಕೆಲವು ದಿನಗಳ ಮೇಲೆ ನೀಲಾಂಬಿಕಾ ಮುಚ್ಚಳ ತೆಗೆದಾಗ ಅದರಲ್ಲಿ ಕಟ್ಟಿದ್ದ ಹನಿಗಳು ಜುಟ್ಟಿನ ಪೊಟ್ಟಣದ ಮೇಲೆ ಬಿದ್ದು, ತಟ್ಟೆಯ ತೂತುಗಳಿಂದ ಕೆಳಗಿನ ಪೊಟ್ಟಣಗಳ ಮೇಲೆ ಇಳಿದವು. ಅವಳು ಮುಖ ಕಿವುಚಿದಳು. "ಒಮ್ಮಿಗೇ ಎಲ್ಲಾ ಇಟ್ಟರ ಇಕ್ಕಟ್ಟಾಗತೈತಿ. ನಾಳಿಯಿಂದ ನಮ್ಮವು ಬೆಂದ ಮ್ಯಾಲ ನಿನ್ನದು ಇಡು, ಮುದುಕವ್ವ."

ಪಾತ್ರೆಯಲ್ಲಿ ಜಾಗ ಬೇಕಾದಷ್ಟಿತ್ತು. ಆಗ ಮುದುಕವ್ವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಕೆಳಗಿದ್ದರೆ ತನ್ನ ಅನ್ನದ ಹಬೆ ಮೇಲಿನವರಿಗೆ ತಾಗುತ್ತದೆ, ಮೇಲಿದ್ದರೆ ತನ್ನ ಅನ್ನ ಮುಟ್ಟಿದ ನೀರು ಕೆಳಗಿನವರಿಗೆ ಇಳಿಯುತ್ತದೆ. ಹಬೆಗೂ ಮೈಲಿಗೆ ಹುಡುಕಿದ ಈ ಜಾಣತನಕ್ಕೆ ಏನೆನ್ನಬೇಕು? ಶತಮಾನಗಳ ಧರ್ಮಶಾಸ್ತ್ರಕ್ಕೂ ಹೊಳೆಯದಿದ್ದದ್ದು ಒಬ್ಬ ಹೊಲಿಗೆಯ ಹೆಂಗಸಿಗೆ ಹೊಳೆದಿತ್ತು!

"ಯಕ್ಕಾ, ಏನರ ತಪ್ಪಾಗೇದೇನು ನನ್ನಿಂದ?" ಎಂದು ಮುದುಕವ್ವ ಕೇಳಿದಳು.

"ಅಯ್ಯ, ನಾ ಏನರ ಅಂದೆನೇನು ನಿನಗ?" ಎಂದಳು ನೀಲಾಂಬಿಕಾ.

ಹೌದು, ಅವಳು ಏನೂ ಅಂದಿರಲಿಲ್ಲ. ಅಂದಿದ್ದರೆ ಮುದುಕವ್ವ ಉತ್ತರ ಕೊಡುತ್ತಿದ್ದಳು, ಜಗಳವಾಡುತ್ತಿದ್ದಳು, ಕಾನೂನಿನ ಮೊರೆಯನ್ನಾದರೂ ಹೋಗುತ್ತಿದ್ದಳು. ಬೆಳ್ಳಿಬಣ್ಣದ ಹಾಳೆಯ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು? ಮಹಾನಂದಾ ಅಂದು ನಗಲಿಲ್ಲ. ನಗದಿರುವುದೇ ತನ್ನ ನ್ಯಾಯವೆಂದು ಅವಳು ತಿಳಿದಿರಬೇಕು. ತನ್ನ ಪೊಟ್ಟಣ ಬಿಚ್ಚಿ ಉಂಡಳು.

ಎಳ್ಳಮಾವಾಸ್ಯೆ ಬಂತು. ಆ ಕಡೆಯ ಊರುಗಳಲ್ಲಿ ಅಂದು ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುತ್ತಾರೆ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಕಡಲೆಹಿಟ್ಟಿನೊಡನೆ ಒಂದೇ ಗಡಿಗೆಯಲ್ಲಿ ಕುದಿಸಿದ ಭಜ್ಜಿ ಅಂದಿನ ಊಟ. ಚಿಕ್ಕಂದಿನಲ್ಲಿ ಮುದುಕವ್ವ ಗೌಡರ ಹೊಲದ ಬದುವಿನಲ್ಲಿ ನಿಂತು, ಮೇಲಿನಿಂದ ಹಾಕಿದ ಭಜ್ಜಿಯನ್ನು ಎಲೆಯಲ್ಲಿ ಹಿಡಿದುಕೊಂಡವಳು. ಬಡಿಸುವ ಕೈ ತನ್ನದಾಗಬೇಕೆಂದು ಅವಳಿಗೆ ಆಗಲೇ ಅನಿಸಿತ್ತು.

"ಯಕ್ಕಾ, ಈ ಸಲ ಭಜ್ಜಿ ನಾ ಮಾಡಲೇನು? ಭಜ್ಜೀನ ಬ್ಯಾರೆ ಬ್ಯಾರೆ ಕಟ್ಟಿ ಬೇಸಾಕ ಬರೂದಿಲ್ಲ," ಎಂದು ಅವಳು ಕೇಳಿದಳು. ಇದೊಂದು ಪಾತ್ರೆಯನ್ನು ಅವರು ಉಂಡರೆ ಉಳಿದದ್ದನ್ನೆಲ್ಲ ಮರೆಯುವೆನೆಂದು ಅವಳು ತನ್ನೊಳಗೆ ನಿಶ್ಚಯಿಸಿಕೊಂಡಿದ್ದಳು.

"ಮಾಡವ್ವಾ, ಬ್ಯಾಡ ಅಂದವರ್ಯಾರು?" ಎಂದಳು ನೀಲಾಂಬಿಕಾ.

ಬೆಳಕು ಹರಿಯುವ ಮುನ್ನ ಎದ್ದು ಕಾಳು ಸುಲಿದಿಟ್ಟು, ಸಂಜೆ ಬಂದೊಡನೆ ದೊಡ್ಡ ಪಾತ್ರೆಯನ್ನು ಒಲೆಗೇರಿಸಿದಳು. ಪರಿಮಳಕ್ಕೆ ಕೆಳಗಿನಿಂದ ಸೊಣ್ಣಮ್ಮನವರೇ ಮೆಟ್ಟಿಲೇರಿ ಬಂದರು. "ಏನ್ರಮ್ಮಾ ಇವತ್ತು? ಇಂಗೆ ಘಮ ಅಂದ್ರೆ ನಮ್ಗೆ ಮನೇಲಿ ಕೂರಕ್ಕಾಯ್ತದಾ?" ಒಂದು ಬಟ್ಟಲು ಹಾಕಿಸಿಕೊಂಡು, ಅಲ್ಲೇ ನಿಂತು ಉಂಡು, ಬಟ್ಟಲು ತೊಳೆದು ಕೊಟ್ಟು ಇಳಿದುಹೋದರು. ಅವರಿಗೆ ಕೆಳಗೇರಿಯ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಉಣ್ಣುತ್ತಿದ್ದರೆಂದು ನಾನು ಪ್ರಮಾಣ ಮಾಡಲಾರೆ.

ಮುದುಕವ್ವ ಪಾತ್ರೆಯನ್ನು ನಡುವೆ ತಂದಿಟ್ಟಳು. ಸಜ್ಜೆ ರೊಟ್ಟಿ ಹರಡಿದಳು. ಮಹಾನಂದಾ ರೊಟ್ಟಿ ಮುರಿದು ಕೈ ಮುಂದೆ ಮಾಡಿದವಳು ನೀಲಾಂಬಿಕಾಳ ಮುಖ ನೋಡಿದಳು. ಕೈ ಹಿಂದೆ ಬಂತು.

"ಇವತ್ತ ಹೊಟ್ಟಿ ಸರಿ ಇಲ್ಲ ನನಗ. ಇವಳಿಗೂ ಎದಿ ಉರಿ ಅಂದಿದ್ದಳು. ನಾಳಿ ಡಬ್ಬಿಗೆ ಒಯ್ಯತೀವಿ, ಕೊಡು," ಎಂದು ನೀಲಾಂಬಿಕಾ ಫಾಯಿಲ್ ಹರಿದಳು.

ಮುದುಕವ್ವನೇ ಬಡಿಸಿದಳು, ಮುದುಕವ್ವನೇ ಮಡಚಿದಳು. ಎರಡೂ ಪೊಟ್ಟಣಗಳ ತುದಿಯನ್ನು ಅಭ್ಯಾಸದಂತೆ ಜುಟ್ಟಾಗಿ ತಿರುಚಿದಳು. ಹಬ್ಬದ ಊಟವನ್ನು ಅವಳು ಒಬ್ಬಳೇ ಉಂಡಳು. ನಾಳೆ ಒಯ್ಯುತ್ತೇವೆಂದರಲ್ಲ ಎಂಬ ಮಾತಿಗೆ ಜೋತುಬಿದ್ದು ಉಂಡಳು.

ಬೆಳಿಗ್ಗೆ ಕಸದ ಆಟೋ ಬಂದಾಗ ಬಕೆಟ್ ಕೊಂಡೊಯ್ಯುವ ಸರದಿ ಮಹಾನಂದಾಳದು. ಅವಳು ಮೀಯುತ್ತಿದ್ದಳು, ಆಟೋ ಹೊರಟುಬಿಡುತ್ತದೆಂದು ಮುದುಕವ್ವ ತಾನೇ ಬಕೆಟ್ ಎತ್ತಿಕೊಂಡು ಓಡಿದಳು. ಕಸ ತೆಗೆದುಕೊಳ್ಳುವ ಮುನಿಯಕ್ಕ ಬಕೆಟ್ಟಿನಲ್ಲಿ ಕೈಯಾಡಿಸಿ ಸಿಡುಕಿದಳು.

"ಅಸಿ ಕಸ ಬೇರೆ, ಒಣ ಕಸ ಬೇರೆ ಅಂತ ಎಷ್ಟ್ ಬಡ್ಕೊಳ್ಳೋದು ನಿಮ್ಗೆ? ಇಂಗೆ ಕಟ್ಟಿ ಎಸೆದ್ರೆ ಬಿಚ್ಚೋರು ಯಾರು, ನಿಮ್ ತಾತಾನಾ?" ಎಂದು ಬೆಳ್ಳಿಬಣ್ಣದ ಪೊಟ್ಟಣವೊಂದರ ಜುಟ್ಟು ಬಿಚ್ಚಿದಳು.

ಭಜ್ಜಿ. ಒಂದು ತುತ್ತೂ ಕಡಿಮೆಯಾಗಿರಲಿಲ್ಲ. ಅದರ ಕೆಳಗೆ ಇನ್ನೊಂದು ಪೊಟ್ಟಣ.

"ಅಯ್ಯೋ, ಅಬ್ಬದ ಊಟ ಕಣಮ್ಮೋ ಇದು! ಯಾವ ಪಾಪಿ ಎಸೆದಿದ್ದು?" ಎಂದ ಮುನಿಯಕ್ಕ ಮುದುಕವ್ವನ ಮುಖ ನೋಡಿದಳು. "ನೀನೇ ಮಾಡಿದ್ದಾ ತಾಯಿ?" ಎಂದಳು. ಮುದುಕವ್ವ ಎರಡೂ ಪೊಟ್ಟಣಗಳನ್ನು ಕೈಗೆ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ನೀಲಾಂಬಿಕಾ ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಮುದುಕವ್ವ ಪೊಟ್ಟಣಗಳನ್ನು ಅವಳ ಮುಂದೆ ಇಟ್ಟಳು.

"ಯಕ್ಕಾ, ಬ್ಯಾಡ ಅಂತ ಬಾಯಿ ಬಿಟ್ಟು ಅಂದಿದ್ರ ನಾ ನಾಕು ಮಾತು ಆಡಿ ಸುಮ್ಮನಾಗತಿದ್ದೆ. ಅನ್ನ ಏನು ಮಾಡಿತ್ತು ನಿಮಗ?"

"ಕೆಟ್ಟಿತ್ತು ಅದು, ಹುಳಿ ವಾಸನಿ ಬರತಿತ್ತು..."

"ಬಿಚ್ಚದ ಹೆಂಗ ವಾಸನಿ ಬಂತು ಯಕ್ಕಾ?"

ನೀಲಾಂಬಿಕಾ ವಿಭೂತಿಯ ಗಟ್ಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತ ಮಹಾನಂದಾ ಒದ್ದೆ ಕೂದಲನ್ನು ಹಿಂಡುತ್ತಲೇ ಇದ್ದಳು. ತಡೆಯಲು ಒಂದು ಮಾತು ಸಾಕಿತ್ತು, ಅವಳು ಆಡಲಿಲ್ಲ. ಆ ವಾರದಲ್ಲೇ ಮುದುಕವ್ವ ಪೀಣ್ಯದ ಕೆಲಸವನ್ನೂ ಬಾಗಲಗುಂಟೆಯ ಕೋಣೆಯನ್ನೂ ಬಿಟ್ಟು ಜಿಗಣಿಯ ಕಡೆಗೆ ಹೋದಳು. ಅಲ್ಲಿ ಅವಳು ಒಬ್ಬಳೇ ಇರುತ್ತಾಳಂತೆ. ಯಾರಾದರೂ ಜೊತೆಗಿರಲು ಕೇಳಿದರೆ ಬೇಡವೆನ್ನುತ್ತಾಳಂತೆ. ಜೊತೆಯಲ್ಲಿ ಉಣ್ಣುವ ಆಸೆಯನ್ನೇ ಒಬ್ಬಳೊಳಗಿಂದ ಕಿತ್ತುಹಾಕಿದ ಮೇಲೆ ಅವಳಲ್ಲಿ ಇನ್ನೇನನ್ನು ಉಳಿಸಿದಂತಾಯಿತು?

ಅವಳು ಹೋದ ಮೊದಲ ಸಂಜೆ ನೀಲಾಂಬಿಕಾ ಹಳೆಯ ಪಾತ್ರೆಯನ್ನು ಕೆಳಗಿಳಿಸಿ ಒರೆಸಿದಳು. "ಇನ್ನೇನು, ನಾವಿಬ್ಬರ. ಮತ್ತ ಕೂಡೇ ಮಾಡೋಣ ಬಾ," ಎಂದಳು.

ಮಹಾನಂದಾ ಆಗಲೇ ಫಾಯಿಲ್ ಹರಿದುಕೊಂಡಿದ್ದಳು. "ಬ್ಯಾಡಕ್ಕಾ," ಎಂದಳು. "ನಿನ್ನ ಮುಂದ ಅಡಗಿ ತಂದಿಡಾಕ ನನಗ ಈಗ ಅಂಜಿಕಿ ಬರತೈತಿ."

ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿಕೊಂಡು ತಮ್ಮ ತಮ್ಮ ಪೊಟ್ಟಣ ಬಿಚ್ಚಿದರು.

ಓದುಗರೇ, ಇದನ್ನು ಓದಿ ಮರುಗಿ ಪುಟ ಮಡಚಿದರೆ ನೀವೂ ಮಹಾನಂದಾಳ ಸಾಲಿನವರೇ. ನಿಮ್ಮ ಮನೆಗೆ ನೆಲ ಒರೆಸಲು, ಬಟ್ಟೆ ಒಗೆಯಲು ಬರುವ ಹೆಂಗಸಿಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿದ್ದೀರಲ್ಲ, ಮೊದಲು ಅದನ್ನು ತೆಗೆಯಿರಿ. ಆಮೇಲೆ ಅವಳು ಇಷ್ಟಪಟ್ಟರೆ ಅವಳ ಕೈಯಿಂದ ಒಂದು ಅಡುಗೆ ಮಾಡಿಸಿ, ಕೂಲಿಯ ಕೆಲಸವಾಗಿ ಬೇಡ, ಮನೆಗೆ ಬಂದ ನೆಂಟರೊಬ್ಬರು ಮಾಡುವಂತೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಮಕ್ಕಳ ಕಣ್ಣೆದುರಿಗೇ ಉಣ್ಣಿ. ಈ ವಾರದೊಳಗೆ ಮಾಡಿ, ದಯವಿಟ್ಟು.