ಶ್ಯಾಮರಾಯರ ಪರಿಚಯಸ್ಥರು

"ಶ್ಯಾಮಗ ಒಂದ್ ಫೋನ್ ಹಚ್ರಿ, ಅವ್ಗ ಎಲ್ಲಾ ಗೊತ್ತಿರ್ತದ," ಎಂದು ನೆರೆಮನೆಯ ದೇವಾನಂದ ಅಂದೇಬಿಟ್ಟರು. ಅಂದವರೇ ನಾಲಿಗೆ ಕಚ್ಚಿಕೊಂಡರು. ಶ್ಯಾಮರಾಯರು ಪಡಸಾಲೆಯ ನಡುವೆ ಚಾಪೆಯ ಮೇಲೆ, ಮೂಗಿಗೆ ಹತ್ತಿ ಇಡಿಸಿಕೊಂಡು ಮಲಗಿದ್ದರು.

ಸ್ಮಶಾನಕ್ಕೆ ಪಾಲಿಕೆಯ ಪಾಸು ಎಲ್ಲಿ ಮಾಡಿಸಬೇಕು, ಶವವಾಹಿನಿಗೆ ಯಾವ ನಂಬರು, ಭಟ್ಟರು ಯಾರು? ಪುಣೆಯ ಕೋಥರೂಡದ ಆ ಮೂರನೇ ಮಹಡಿಯಲ್ಲಿ ನೆರೆದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಇದನ್ನೆಲ್ಲ ನೋಡಿಕೊಂಡವರು ಅವರೊಬ್ಬರೇ. ಅವರ ಪರಿಚಯದ ಕನ್ನಡಿಗರು ಸಾಯುವ ಕೆಲಸವನ್ನಷ್ಟೇ ತಾವು ಮಾಡಿ, ಮಿಕ್ಕಿದ್ದನ್ನು ಅವರಿಗೆ ಬಿಟ್ಟು ಹಾಯಾಗಿದ್ದರು.

ಮಗಳು ಮುಕ್ತಾ ಮೊಬೈಲಿನಲ್ಲಿ ಹುಡುಕಿ, ಮರಾಠಿಯಲ್ಲಿ ಮಾತಾಡಿ, ಅಳುತ್ತಲೇ ಒಂದೊಂದಾಗಿ ವ್ಯವಸ್ಥೆ ಮಾಡಿದಳು. ನೀರಜಾ ಗಂಡನ ತಲೆಯ ಹತ್ತಿರ ಕೂತು ಬಾಗಿಲು ನೋಡುತ್ತಿದ್ದಳು. ಅವರ ಫೋನಿನಲ್ಲಿ ಮೂರು ಸಾವಿರ ಹೆಸರುಗಳಿದ್ದವು. ಬಂದವರು ಹದಿನೆಂಟು ಮಂದಿ. ಇದು ತನ್ನಿಂದಲೇ ಆದದ್ದು ಎಂದು ಅವಳಿಗೆ ಬೆಳಗಿನಿಂದ ಅನ್ನಿಸುತ್ತಿತ್ತು.

*

ಧಾರವಾಡದಿಂದ ಬಂದಾಗ ಶ್ಯಾಮರಾಯರಿಗೆ ಪುಣೆಯಲ್ಲಿ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ. ಜನರ ಉಳಿತಾಯಕ್ಕೆ ದಾರಿ ಹೇಳುವ ಕೆಲಸ. ಗುರುತಿಲ್ಲದವನ ಮುಂದೆ ಯಾರು ತಮ್ಮ ಮನೆಯ ವ್ಯವಹಾರ ಬಿಚ್ಚಿಡುತ್ತಾರೆ? ಅದಕ್ಕೇ ಪುಣ್ಯಾತ್ಮ ಮೊದಲು ಪರಿಚಯದ ಬೆನ್ನು ಹತ್ತಿದರು. ಬೆಳಿಗ್ಗೆ ಟೇಕಡಿ ಗುಡ್ಡ ಹತ್ತುವವರ ಗುಂಪು, ಇಡ್ಲಿ ತಿನ್ನುತ್ತ ಕಾರ್ಡು ಬದಲಾಯಿಸಿಕೊಳ್ಳುವ ವ್ಯಾಪಾರಸ್ಥರ ಕೂಟ, ಕನ್ನಡ ಸಂಘದ ನಾಟಕ, ನಾಮಕರಣ, ಮದುವೆ, ಎಲ್ಲದಕ್ಕೂ ಹಾಜರು. ಸಾವಿನ ಮನೆಗಂತೂ ಎಲ್ಲರಿಗಿಂತ ಮೊದಲು.

"ಮದುವಿಗೆ ಬಂದವರನ್ನ ಯಾರೂ ನೆನಪಿಡೂದಿಲ್ಲ. ಹೆಣಕ್ಕ ಹೆಗಲು ಕೊಟ್ಟವರನ್ನ ಮರಿಯೂದಿಲ್ಲ," ಎನ್ನುತ್ತಿದ್ದರು. ಹದಿಮೂರನೇ ದಿನ ಕಳೆದ ಮೇಲೆ ಆ ಮನೆಯವರೇ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅವರ ವ್ಯವಹಾರ ಬೆಳೆದದ್ದೇ ಹಾಗೆ. ನೀರಜಾ ಕೂಡ ಆಗ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳ ತಮ್ಮ ಪ್ರಣವ ತೀರಿಕೊಂಡ. ಒಂಬತ್ತನೇ ದಿನ ಅವನ ಮನೆಯಲ್ಲಿ ನೀರಜಾ ಅಡುಗೆಮನೆಯಿಂದ ಹೊರಗೆ ಬಂದು ನೋಡಿದರೆ, ಶ್ಯಾಮರಾಯರು ಪ್ರಣವನ ಹೆಂಡತಿಯ ಮುಂದೆ ಕಾಗದ ಹರವಿಕೊಂಡು, ವಿಮೆಯಿಂದ ಬರುವ ಹಣವನ್ನು ಎಲ್ಲಿ ಇಡಬೇಕೆಂದು ಹೇಳುತ್ತಿದ್ದರು. ನೀರಜಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

"ನನ್ನ ತಮ್ಮನ ಬೂದಿ ಇನ್ನೂ ಆರಿಲ್ಲ. ಹೆಣದ ಮುಂದೂ ಗಿರಾಕಿ ಹುಡುಕ್ತೀರಲ್ರೀ ನೀವು? ಇನ್ನ ಮ್ಯಾಲ ಯಾರರೆ ಸಾವಿನ ಮನಿ ಹೊಸ್ತಿಲಾ ದಾಟಿದ್ರ ನನ್ನ ಮ್ಯಾಲ ಆಣಿ."

ಶ್ಯಾಮರಾಯರು ಕಾಗದ ಮಡಚಿದರು. ಜೇಬಿನಲ್ಲಿದ್ದ ಕಾರ್ಡುಗಳನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟರು. ಅವಳ ಸಿಟ್ಟು ವಾರದೊಳಗೆ ಇಳಿಯಿತು, ಆದರೆ ಆಣೆ ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ಎರಡು ವರ್ಷ ಕಳೆದುಬಿಟ್ಟಳು. ನಿನ್ನೆ ಸಂಜೆ ಚಹಾ ಕುಡಿಯುತ್ತ ಕೂತಿದ್ದ ಶ್ಯಾಮರಾಯರು ಹಾಗೇ ಕುರ್ಚಿಯಲ್ಲಿ ಒರಗಿದರು.

*

ಸ್ಮಶಾನದಲ್ಲಿ ಸರದಿ ಇತ್ತು. ಶ್ಯಾಮರಾಯರ ಮುಂದೆ ಇನ್ನಿಬ್ಬರಿದ್ದರು. ತಗಡಿನ ಮಾಡಿನ ಕೆಳಗೆ ಕಲ್ಲುಬೆಂಚಿನ ಮೇಲೆ ನೀರಜಾ, ಪಕ್ಕದಲ್ಲಿ ನೇರ ಸ್ಮಶಾನಕ್ಕೇ ಬಂದಿದ್ದ ಅನುಸೂಯಾ, ಎದುರಿಗೆ ಅವಳ ಗಂಡ ಲೋಕನಾಥ. ಇಪ್ಪತ್ತು ವರ್ಷ ಶ್ಯಾಮರಾಯರನ್ನು ಕೇಳದೆ ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಲೋಕನಾಥ, ಹೋದ ವರ್ಷ ಹೇಳದೆ ಕೇಳದೆ ಬೇರೆ ಸಲಹೆಗಾರನ ಕಡೆಗೆ ಹೋಗಿದ್ದರು.

"ಇಂಥಾ ಹೊತ್ತಿನ್ಯಾಗ ಅನಬಾರದು ವೈನಿ," ಎಂದು ಅವರೇ ಶುರು ಮಾಡಿದರು. "ನಮ್ಮಪ್ಪ ಹೋದಾಗ ಶ್ಯಾಮ ಬರಲಿಲ್ಲ. ಅದು ನನ್ನ ಮನಸಿಗೆ ಭಾಳ ಹತ್ತಿತು. ನನಗೊಬ್ಬಗ ಅಲ್ಲ, ಭಾಳ ಮಂದಿಗೆ ಹಿಂಗ ಆಗೇದ. ದೊಡ್ಡವರಾದ್ರು, ಇನ್ನ ನಮ್ಮಂಥವರು ಯಾಕ ಬೇಕು ಅಂದಕೊಂಡ್ವಿ."

ನೀರಜಾಳಿಗೆ ಇನ್ನು ತಡೆಯಲಾಗಲಿಲ್ಲ. "ಅವರೇನೂ ದೊಡ್ಡವರಾಗಿದ್ದಿಲ್ರೀ. ಹೋಗಬ್ಯಾಡ್ರಿ ಅಂತ ನಾನೇ ಆಣಿ ಹಾಕಿದ್ದೆ. ಗಿರಾಕಿ ಹುಡುಕ್ಲಿಕ್ಕೆ ಹೋಗ್ತೀರಿ ಅಂದಿದ್ದೆ. ಖರೇನೋ ಸುಳ್ಳೋ, ನನಗ ಇವತ್ತಿಗೂ ಗೊತ್ತಿಲ್ಲ. ಈಗ ಯಾರನ್ನ ಕೇಳ್ಲಿ?" ಅಂದವಳು ಸೆರಗನ್ನು ಬಾಯಿಗೊತ್ತಿಕೊಂಡಳು.

ಅನುಸೂಯಾ ಮೆಲ್ಲಗೆ ಕೇಳಿದಳು, "ವೈನಿ, ರಾಯರ ಹೆಲ್ಮೆಟ್ ಕೆಂಪಂದೇನ್ರಿ?"

"ಹೌದು. ಯಾಕ್ರಿ?"

"ಮಾವನೋರು ಹೋದ ದಿನ ನಮ್ಮ ಗೇಟಿನ ಹೊರಗ ಒಬ್ರು ನಿಂತಿದ್ರು. ಕೆಂಪು ಹೆಲ್ಮೆಟ್, ಗಾಜು ಇಳಿಸಿದ್ದು ಹಂಗೇ ಇತ್ತು, ದನೀನೂ ಗುರುತು ಹತ್ತಲಿಲ್ಲ. ನಾನು ಪಾಸ್ ಮಾಡಸ್ಲಿಕ್ಕೆ ಹೊಂಟಾಗ ಹತ್ರ ಬಂದು, 'ಹಿರಿಯರ ಆಧಾರ್ ಝೆರಾಕ್ಸ್ ಎರಡು ತಗೊಂಡು ಹೋಗವ್ವಾ, ಇಲ್ಲಂದ್ರ ತಿರುಗಿ ಕಳಸ್ತಾರ' ಅಂದ್ರು. ಒಳಗ ಬರ್ರಿ ಅಂದೆ. 'ನನಗ ಒಳಗ ಬರೂಹಂಗಿಲ್ಲ' ಅಂದ್ರು. ಶವವಾಹಿನಿ ಕಡೆಯವರು ಇರ್ಬೇಕಂತ ತಿಳಕೊಂಡೆ."

"ನನಗ ನೀ ಹೇಳಲೇ ಇಲ್ಲಲ್ಲ," ಎಂದರು ಲೋಕನಾಥ.

ನೀರಜಾ ಅನುಸೂಯಾಳ ಕಡೆಗೆ ತಿರುಗಿದಳು. ಗಿರಾಕಿ ಹುಡುಕಲು ಹೋದವರು ಯಾರಾದರೂ ಮುಖ ಮುಚ್ಚಿಕೊಂಡು ಬೀದಿಯಲ್ಲಿ ನಿಲ್ಲುತ್ತಾರೆಯೇ? ಆಣೆಯನ್ನೂ ಮುರಿಯಲಿಲ್ಲ, ಹೋಗದೆಯೂ ಇರಲಿಲ್ಲ, ಮನೆಗೆ ಬಂದು ತುಟಿ ಪಿಟಕ್ಕೆನ್ನಲೂ ಇಲ್ಲ. ಇನ್ನೆಷ್ಟು ಮನೆಗಳ ಮುಂದೆ ಹೀಗೆ ನಿಂತು ಬಂದಿದ್ದರೋ.

"ಎಷ್ಟೊತ್ತು ನಿಂತಿದ್ರು?" ಎಂದು ಕೇಳಿದಳು.

"ನಾವು ಹೊರಡೂತನಕಾ. ಮೂರು ತಾಸರೆ ಆಗಿತ್ತು."

"ನೆರಳಿತ್ತೇನ್ರಿ ಅಲ್ಲಿ?"

"ಇಲ್ರಿ. ಮೇ ತಿಂಗಳ ಬಿಸಿಲು."

"ಕುಡೀಲಿಕ್ಕೆ ನೀರರೆ ಕೊಟ್ರ್ಯಾ?"

ಅನುಸೂಯಾಳ ಕಣ್ಣು ತುಂಬಿ ಬಂತು. "ತೋಚಲಿಲ್ರಿ ವೈನಿ. ಯಾರಂತ ಗೊತ್ತಾಗಲಿಲ್ಲ."

ಅಷ್ಟರಲ್ಲಿ ಮುಕ್ತಾ ಬಂದು, "ಅಮ್ಮಾ, ಒಳಗ ಕರೀಲಿಕ್ಕತ್ತಾರ," ಎಂದು ತಾಯಿಯ ತೋಳು ಹಿಡಿದು ಎಬ್ಬಿಸಿದಳು. ಒಳಗೆ ಮರಾಠಿ ಭಟ್ಟರು ತುಳಸಿ ಹಾಕಿದ ಗಂಗಾಜಲದ ತಂಬಿಗೆ ಹಿಡಿದು ನಿಂತಿದ್ದರು. ಮೊದಲು ಮುಕ್ತಾ, ಆಮೇಲೆ ದೇವಾನಂದ, ಲೋಕನಾಥ, ಒಬ್ಬೊಬ್ಬರೂ ಒಂದೊಂದು ಉದ್ಧರಣೆ ನೀರನ್ನು ಶ್ಯಾಮರಾಯರ ಬಾಯಿಗೆ ಬಿಟ್ಟು ಸರಿದರು. ಕೊನೆಯಲ್ಲಿ ನೀರಜಾ ಬಾಗಿ ಒಂದು ಉದ್ಧರಣೆ ಬಿಟ್ಟಳು. ಇನ್ನೊಂದು ಬಿಟ್ಟಳು, ಮತ್ತೊಂದು ಬಿಟ್ಟಳು.

"ಪುರೇ ಝಾಲಂ, ವಹಿನಿ," ಸಾಕು ಎಂದರು ಭಟ್ಟರು. ಹಿಂದೆ ಇನ್ನೊಬ್ಬರ ಸರದಿ ಕಾಯುತ್ತಿತ್ತು.

ನೀರಜಾ ಉದ್ಧರಣೆಯನ್ನು ಕೆಳಗಿಟ್ಟು, ಭಟ್ಟರ ಕೈಯಿಂದ ತಂಬಿಗೆಯನ್ನೇ ತೆಗೆದುಕೊಂಡಳು. ಎಡಗೈಯಿಂದ ಗಂಡನ ತಲೆಯನ್ನು ತುಸು ಎತ್ತಿ ಹಿಡಿದು, ತಂಬಿಗೆಯನ್ನು ತುಟಿಗೆ ತಾಗಿಸಿ ಬಗ್ಗಿಸಿದಳು. ನೀರು ಬಾಯಿಯ ಅಂಚಿನಿಂದ ಹರಿದು, ಗದ್ದ ದಾಟಿ, ಕತ್ತಿನ ಸುತ್ತ ಹೊದಿಸಿದ ಬಿಳಿ ಬಟ್ಟೆಯನ್ನೆಲ್ಲ ತೋಯಿಸುತ್ತಿತ್ತು. ತಂಬಿಗೆ ಬರಿದಾಗುವವರೆಗೂ ಅವಳು ಕುಡಿಸುತ್ತಲೇ ಇದ್ದಳು.