ಮುಚ್ಚಳದ ಅಂಚು

ನೆವೆನಾ ಶವಪೆಟ್ಟಿಗೆಯ ಮುಚ್ಚಳವನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ ಹಿಡಿದು, ಅದರ ಬುಡಕ್ಕೆ ಉಪ್ಪಿನಕಾಯಿ ಜಾಡಿಯ ಎರಡು ತಗಡಿನ ಬಿರಡೆಗಳನ್ನು ತೂರಿಸುತ್ತಿದ್ದಳು. ಒಂದು ಸೇರಿತು. ಇನ್ನೊಂದು ಜಾರಿ, ಟಣ್ಣೆಂದು ಮೆಟ್ಟಿಲಿಳಿದು ಬೀದಿಗೆ ಉರುಳಿತು. ಡ್ಯಾನ್ಯೂಬ್ ನದಿಯ ಕಡೆಯಿಂದ ಬಂದ ಮಂಜು ಹತ್ತು ಗಂಟೆಯಾದರೂ ಸರಿದಿರಲಿಲ್ಲ. ಬಾಗಿಲ ಮುಂದಿನ ಕಲ್ಲುಗಳೆಲ್ಲ ಒದ್ದೆಯಾಗಿದ್ದವು.

"ಅದೇನೇ ಮಾಡ್ತಿದೀಯ?" ತೀರಿಕೊಂಡ ಗಂಡ ಲೊಜಾನನ ಅಕ್ಕ ಗೇನಾ ಹೊಸ್ತಿಲಲ್ಲಿ ನಿಂತಿದ್ದಳು. "ಒಳಗೆ ನನ್ನ ತಮ್ಮನ್ನ ಒಬ್ಬನ್ನೇ ಬಿಟ್ಟು ಬಂದಿದೀಯಲ್ಲ, ಬೆಕ್ಕು ಗಿಕ್ಕು ದಾಟಿ ಅವನು ದೆವ್ವವಾದ್ರೆ ಏನು ಗತಿ?"

"ಇಸ್ಕ್ರಾ ಇದಾಳೆ ಒಳಗೆ. ಈ ಮುಚ್ಚಳನ ಮನೆಯೊಳಗೆ ತಗೊಂಡು ಹೋಗೋಣ. ಕೆಳಗೆ ಒದ್ದೆ."

"ಮುಚ್ಚಳ ಬಾಗಿಲ ಪಕ್ಕ ಇರಬೇಕು. ಇಲ್ಲದಿದ್ರೆ ಸತ್ತ ಮನೆ ಅಂತ ಬೀದಿಗೆ ಹೇಗೆ ಗೊತ್ತಾಗಬೇಕು? ನಾಲ್ಕು ಗಂಟೆಗೆ ಮಣ್ಣಿಗೆ ಹೋಗೋ ಪೆಟ್ಟಿಗೆಗೆ ಒದ್ದೆಯಂತೆ, ಒದ್ದೆ."

ಗೇನಾ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಡುಮನೆಯಲ್ಲಿ ಲೊಜಾನ್ ಕಪ್ಪು ಕೋಟು ತೊಟ್ಟು, ಎದೆಯ ಮೇಲೆ ಕೈ ಕಟ್ಟಿ, ಯಾರದೋ ಮದುವೆಗೆ ತಡವಾಯಿತೆಂದು ಸಿಟ್ಟಾದವನಂತೆ ಮಲಗಿದ್ದ. ಮಗಳು ಇಸ್ಕ್ರಾ ತಲೆಯ ಬಳಿ ಕೂತಿದ್ದಳು. ವಾರ್ನಾದಿಂದ ನಿನ್ನೆ ಬಂದವಳು ಬಟ್ಟೆಯನ್ನೂ ಬದಲಿಸದೆ ಅಂಗಡಿಗೆ ಹೋಗಿ ಪೆಟ್ಟಿಗೆಯನ್ನು ತಾನೇ ಆರಿಸಿ ತಂದಿದ್ದಳು. ಅಕ್ರೋಟ ಮರದ್ದು, ಅಪ್ಪನಿಗೆ ಒಪ್ಪುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅದು ಅಕ್ರೋಟವಲ್ಲ ಎಂದು ನೆವೆನಾಳ ಹೆಬ್ಬೆರಳಿಗೆ ನಿನ್ನೆಯೇ ಗೊತ್ತಾಗಿತ್ತು. ನಲವತ್ತಮೂರು ವರ್ಷ ಸಂಸಾರ ಮಾಡಿ ಗಂಡನಿಂದ ಅಂಟಿಸಿಕೊಂಡ ಚಾಳಿ ಅದು: ಏನೇ ಮರದ ಸಾಮಾನು ಕಂಡರೂ ಬೆರಳು ಅಡಿಯ ಅಂಚಿಗೆ ಹೋಗುತ್ತದೆ. ಮೇಲೆ ಅಕ್ರೋಟದ ಬಣ್ಣದ ಲ್ಯಾಮಿನೇಟ್, ಒಳಗೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ. ಪೆಟ್ಟಿಗೆಯ ಅಂಚುಗಳಿಗೇನೋ ಪಟ್ಟಿ ಅಂಟಿಸಿದ್ದರು. ಮುಚ್ಚಳದ ಅಡಿಯ ಅಂಚನ್ನು ಮಾತ್ರ, ಯಾರು ನೋಡುತ್ತಾರೆ ಎಂದು, ಸುತ್ತಲೂ ಬರಿದಾಗಿ ಬಿಟ್ಟಿದ್ದರು. ಬರಿದಾದ ಅಂಚು ಬತ್ತಿಯ ಹಾಗೆ ನೀರು ಕುಡಿಯುತ್ತದೆ.

* * *

ಮದುವೆಯಾದ ವಾರಕ್ಕೆ ಲೊಜಾನ್ ತಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಿಂದ ಮಲಗುವ ಕೋಣೆಯ ಸಾಮಾನು ತಂದಿದ್ದ. ಮಂಚ, ಮೂರು ಬಾಗಿಲ ಬೀರು, ಮಂಚದ ಎರಡು ಬದಿಗೆ ಎರಡು ಪುಟ್ಟ ಮೇಜು, ಎಲ್ಲವೂ ಕನ್ನಡಿಯ ಹಾಗೆ ಹೊಳೆಯುವ ಲ್ಯಾಮಿನೇಟಿನವು. ನೆವೆನಾ ಹೊಳಪು ಸವರಿ ಹಿಗ್ಗುತ್ತಿದ್ದರೆ ಅವನು ಎಲ್ಲವನ್ನೂ ತಲೆಕೆಳಗು ಮಾಡಿ, ಕಾಲುಗಳ ಅಡಿಗೆ, ತಿರುಪಿನ ತೂತುಗಳಿಗೆ, ಕಾಣದ ಅಂಚುಗಳಿಗೆ ಮೇಣ ತಿಕ್ಕಲು ಕೂತ. ಹೊಸ ಹೆಂಡತಿ ಮಂಚ ನೆಟ್ಟಗಾಗುವುದನ್ನು ಕಾಯುತ್ತಾ ನೆಲದ ಮೇಲೆ ಕೂತಿದ್ದಳು.

"ನೀರು ಮುಖ ನೋಡಿ ಒಳಗೆ ಬರಲ್ಲ ನೆವೆನಾ, ಅಂಚು ನೋಡಿ ಬರುತ್ತೆ," ಎಂದಿದ್ದ.

ಅಲ್ಲಿಂದ ಶುರುವಾಯಿತು ಅವನ ಕಟ್ಟಳೆ. ಬೀರು ಗೋಡೆಯಿಂದ ಒಂದು ಗೇಣು ದೂರ ಇರಬೇಕು. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬಾರದು. ಚಳಿಯಲ್ಲಿ ಮೂಗು ಸೋರುತ್ತಿದ್ದರೂ ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆರೆಯಬೇಕು. ಹಿಂಡಿದ ಬಟ್ಟೆಯಿಂದ ಒರೆಸಿದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು. ನೆಂಟರ ಮನೆಗೆ ಹೋದರೆ ಕಾಫಿಗೆ ಮೊದಲು ಅವರ ಬೀರು ಎಳೆದು ನೋಡುತ್ತಿದ್ದ, ಇವಳು ನಾಚಿಕೆಯಿಂದ ನೆಲಕ್ಕಿಳಿಯುತ್ತಿದ್ದಳು. ದೇವರಲ್ಲಿ ಅಷ್ಟಕ್ಕಷ್ಟೇ ಆದ ಮನುಷ್ಯ ಈಸ್ಟರಿಗೆ ಮಾತ್ರ ತಪ್ಪದೆ ಚರ್ಚಿಗೆ ಹೋಗಿ, ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನು ಜೇಬು ತುಂಬ ತರುತ್ತಿದ್ದ. ಬೆಳಕು ದೇವರಿಗೆ, ಮೇಣ ನನಗೆ ಅನ್ನುತ್ತಿದ್ದ.

* * *

ಹನ್ನೆರಡಾಯಿತು. ನೆವೆನಾ ಕೂತಲ್ಲಿ ಕೂರಲಾರದೆ ಐದು ಸಲ ಎದ್ದು ಬಾಗಿಲಿಗೆ ಹೋಗಿ ಬಂದಳು. ಬಂದವರು ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗಿಟ್ಟು, ದೇವರು ಅವನನ್ನು ಕ್ಷಮಿಸಲಿ ಎಂದು ಅವಳ ಕೈ ಒತ್ತುತ್ತಿದ್ದರು. ಅವಳ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕಕ್ಕೆ ಮೊದಲು ಆ ಅಂಚಿಗೆ ಮೇಣ ಹಚ್ಚಬೇಕು, ಅದು ಇಸ್ಕ್ರಾಗೆ ತಿಳಿಯಬಾರದು. ಅಪ್ಪನನ್ನು ಹೊಟ್ಟಿನ ಹಲಗೆಯೊಳಗೆ ಮಲಗಿಸಿದೆ ಎಂದು ಗೊತ್ತಾದರೆ ಆ ಹುಡುಗಿ ಬದುಕಿಡೀ ಕೊರಗುತ್ತಾಳೆ.

ಆರನೇ ಸಲ ಹೋದಾಗ ಮುಚ್ಚಳದ ಹತ್ತಿರ ಪರ್ವಾನ್ ನಿಂತಿದ್ದ. ಕಾರ್ಖಾನೆಯಲ್ಲಿ ಲೊಜಾನನ ಜತೆ ಒಂದೇ ಯಂತ್ರದಲ್ಲಿ ಅಂಚುಪಟ್ಟಿ ಅಂಟಿಸಿದವನು. ಅವನ ಹೆಬ್ಬೆರಳೂ ಅಡಿಗೆ ಹೋಗಿತ್ತು.

"ಇದು ಅಕ್ರೋಟ ಅಲ್ಲವಲ್ಲ..."

"ಬಾಯಿ ಮುಚ್ಚು ಪರ್ವಾನ್. ಮಗಳಿಗೆ ಕೇಳಿಸುತ್ತೆ. ನಿನ್ನ ಹತ್ರ ಮೇಣ ಇದೆಯಾ?"

ಇರಲಿಲ್ಲ. ಲೊಜಾನನ ಮೇಣದ ಡಬ್ಬಿಯಲ್ಲಿ ನೋಡು ಎಂದ. ಅವಳು ಆಗಲೇ ನೋಡಿದ್ದಳು, ಖಾಲಿ. ಪರ್ವಾನನಿಗೆ ಆಗ ನೆನಪಾಯಿತು. ಆಸ್ಪತ್ರೆಯಲ್ಲಿ ಕೊನೆಯ ವಾರ ಲೊಜಾನ್ ಮನೆಯಿಂದ ಮೇಣದ ತುಂಡು ತರಿಸಿಕೊಂಡಿದ್ದ. ಪ್ರಾರ್ಥನೆಗಿರಬೇಕೆಂದು ನರ್ಸುಗಳು ಕಣ್ಣೊರೆಸಿಕೊಂಡರಂತೆ. ಅವನು ಮಗ್ಗುಲಿಗೆ ಹೊರಳಿ, ಮಂಚದ ಪಕ್ಕದ ಆಸ್ಪತ್ರೆಯ ಮೇಜಿನ ಅಡಿಗೆ ಅದನ್ನು ತಿಕ್ಕಿ ತಿಕ್ಕಿ ಮುಗಿಸಿದನಂತೆ. ಹೇಳುತ್ತಾ ಪರ್ವಾನ್ ನಕ್ಕ, ಆಮೇಲೆ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡ.

ಒಳಗೆ ಹೆಣದ ತಲೆಯ ಬಳಿ ಬತ್ತಿಯೊಂದು ಉರಿಯುತ್ತಿತ್ತು. ಅದಕ್ಕೆ ಕೈ ಹಾಕಿದರೆ ಗೇನಾ ಇವಳನ್ನೂ ಅದೇ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದಳು. ಎಲ್ಲಾದರೂ ಒಂದು ತುಂಡು ಬಿದ್ದಿರಬಹುದೆಂದು ನೆವೆನಾ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀರು ನೋಡಿದಳು, ತನ್ನ ಬದಿಯ ಮೇಜು ನೋಡಿದಳು. ಅವನ ಬದಿಯದು ಉಳಿಯಿತು. ಅದರ ಮೇಲೆ ಅವಳೇ ಕಸೂತಿ ಹಾಕಿದ ಬಿಳಿ ಬಟ್ಟೆ ಹಾಸಿತ್ತು. ಅದನ್ನು ಅವಳು ಮೂವತ್ತನಾಲ್ಕು ವರ್ಷದಿಂದ ಎತ್ತಿರಲಿಲ್ಲ.

* * *

ಇಸ್ಕ್ರಾಗೆ ಆಗ ನಾಲ್ಕು ವರ್ಷ. ಎರಡು ದಿನದಿಂದ ಸುಡುವ ಜ್ವರ. ನೆವೆನಾ ಮಗುವನ್ನು ದೊಡ್ಡ ಮಂಚದಲ್ಲಿ ಮಲಗಿಸಿ, ತಣ್ಣೀರಿನ ಬೋಗುಣಿಯನ್ನು ಗಂಡನ ಬದಿಯ ಮೇಜಿನ ಮೇಲಿಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಮಧ್ಯಾಹ್ನ ಪಾಳಿ ಮುಗಿಸಿ ಬಂದ ಲೊಜಾನ್ ಒಳಗೆ ಕಾಲಿಟ್ಟವನೇ ಬೋಗುಣಿ ಎತ್ತಿ ಕೆಳಗಿಟ್ಟು, ತೋಳಿನಿಂದ ಮೇಜು ಒರೆಸಿದ. ಆಮೇಲೆ ಮಗುವಿನ ಹಣೆ ಮುಟ್ಟಿದ.

ನೆವೆನಾ ಅವನ ಕಣ್ಣೆದುರೇ ಬೋಗುಣಿಯನ್ನು ಮತ್ತೆ ಮೇಜಿನ ಮೇಲೆ ಕುಕ್ಕಿದಳು. ನೀರು ಚೆಲ್ಲಿ ಅಂಚಿನಿಂದ ಇಳಿಯಿತು.

"ಮುಟ್ಟಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ," ಎಂದಳು.

ಅವನು ಮುಟ್ಟಲಿಲ್ಲ. ಮರುದಿನ ಮಗುವಿನ ಜ್ವರ ಇಳಿಯಿತು. ಮೇಜು ಮಾತ್ರ ಉಬ್ಬಿ, ಲ್ಯಾಮಿನೇಟ್ ತುಟಿಯ ಹಾಗೆ ಎದ್ದು ನಿಂತಿತ್ತು. ಉಬ್ಬಿದ ಹಲಗೆ ಮತ್ತೆ ಇಳಿಯುವುದಿಲ್ಲ. ಅವನು ಕಸೂತಿ ಬಟ್ಟೆ ತಂದು ಅದರ ಮೇಲೆ ಹಾಸಿದ. ಅಂದಿನಿಂದ ಆ ಮೇಜಿನ ಧೂಳನ್ನು ತಾನೇ ಒರೆಸಿದ, ಆ ಬಟ್ಟೆಯನ್ನು ತಾನೇ ಒಗೆದ. ಒಂದು ಮಾತು ಬೈದಿದ್ದರೆ ಇವಳೂ ಎರಡು ಮಾತು ಬೈದು, ಅತ್ತು, ತಪ್ಪಾಯಿತು ಎಂದು ಮುಗಿಸುತ್ತಿದ್ದಳು. ಬೈಯಲಿಲ್ಲ ಆ ಮನುಷ್ಯ.

* * *

ನೆವೆನಾ ಬಟ್ಟೆ ಎತ್ತಿದಳು.

ಎದ್ದು ನಿಂತ ತುಟಿ ಅಲ್ಲೇ ಇತ್ತು. ಆದರೆ ಅದರ ಮೇಲೆ, ಸುತ್ತ, ಬಿರುಕಿನೊಳಗೆ ಮೇಣ ತುಂಬಿತ್ತು. ಒಂದು ಸಲದ ಮೇಣವಲ್ಲ. ಕೆಳಗಿನದು ಕಪ್ಪಾಗಿ, ಅದರ ಮೇಲಿನದು ಹಳದಿಯಾಗಿ, ಎಲ್ಲಕ್ಕಿಂತ ಮೇಲಿನದು ಕಳೆದ ಈಸ್ಟರಿನದು, ಇನ್ನೂ ಜೇನಿನ ವಾಸನೆ ಬರುತ್ತಿತ್ತು. ವರ್ಷ ವರ್ಷವೂ ಹಚ್ಚಿದ್ದ. ನೆವೆನಾ ಅದರ ಮೇಲೆ ಕೈಯಿಟ್ಟು ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಅದನ್ನು ಉಗುರಿನಿಂದ ಕೆರೆದು ಮುಚ್ಚಳಕ್ಕೆ ಹಚ್ಚಬಹುದಿತ್ತು, ಮನಸ್ಸಾಗಲಿಲ್ಲ. ಹೊರಗೆ ಗೇನಾ, ವ್ಯಾನು ಬಂತು ಎಂದು ಕೂಗಿದಳು.

ಸ್ಮಶಾನದಲ್ಲಿ ಮಣ್ಣು ಹಸಿಯಾಗಿತ್ತು. ಗುಂಡಿ ತೋಡುವವರು ಬಕೆಟ್ಟಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲಿದ್ದರು. ಮುಚ್ಚಳವನ್ನು ಹುಲ್ಲಿನ ಮೇಲೆ ಅಂಗಾತ ಇಟ್ಟಿದ್ದರು. ಗೇನಾ ಎಲ್ಲರ ಕೈಗೂ ಒಂದೊಂದು ತೆಳು ಮೇಣದ ಬತ್ತಿ ಕೊಟ್ಟುಕೊಂಡು ಬಂದಳು, ನೆವೆನಾಗೂ ಒಂದು ಸಿಕ್ಕಿತು. ಪಾದ್ರಿ ಓದಿದ್ದು ಅವಳ ಕಿವಿಗೆ ಬೀಳಲಿಲ್ಲ. ಹೆಣದ ಮೇಲೆ ದ್ರಾಕ್ಷಾರಸ ಚಿಮುಕಿಸಿ ಅವನು ಹಿಂದೆ ಸರಿದದ್ದೇ ತಡ, ಬತ್ತಿ ಊದಿ ಆರಿಸಿ, ಮುಚ್ಚಳದ ಪಕ್ಕ ಮಂಡಿಯೂರಿದಳು.

ತಿಕ್ಕತೊಡಗಿದಳು. ಒಂದು ಉದ್ದ ಮುಗಿಯಿತು. ಕೈ ತಲೆಯ ಕಡೆಯ ಅಂಚಿಗೆ ತಿರುಗಿತು. ಅವಳು ಮುಚ್ಚಳವನ್ನು ತಬ್ಬಿ ಅಳುತ್ತಿದ್ದಾಳೆಂದು ಹಿಂದಿನವರು ಅಂದುಕೊಂಡರು.

"ಸಾಕು ಕಣೇ, ಅಳಬೇಡ," ಎಂದಳು ಗೇನಾ. "ಕಣ್ಣೀರು ಬಿದ್ರೆ ಅವನಿಗಲ್ಲಿ ಒದ್ದೆಯಾಗುತ್ತೆ."

ಪಾದ್ರಿ ಗಡಿಯಾರ ನೋಡಿಕೊಂಡ. ಹಗ್ಗ ಹಿಡಿದವರು ಕಾಲು ಬದಲಿಸಿದರು. ಅಷ್ಟರಲ್ಲಿ ಇಸ್ಕ್ರಾ ಬಂದು ಪಕ್ಕದಲ್ಲಿ ಕೂತಳು. ನೆವೆನಾ ಬತ್ತಿಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡಳು. ಏಳಮ್ಮ ಅನ್ನುತ್ತಾಳೆ, ಏನು ಮಾಡುತ್ತಿದ್ದೀಯ ಅನ್ನುತ್ತಾಳೆ ಎಂದು ಕಾದಳು. ಇಸ್ಕ್ರಾ ಬೇರೆಲ್ಲೋ ನೋಡುತ್ತಾ ಹೆಬ್ಬೆರಳನ್ನು ಅಂಚಿನ ಮೇಲೆ ಓಡಿಸಿದಳು. ಅವಳಪ್ಪನೂ ಹಾಗೇ, ಬೆರಳು ಕೆಲಸ ಮಾಡುವಾಗ ಕಣ್ಣು ಬೇರೆ ಕಡೆ ಇಡುತ್ತಿದ್ದ. ಕಾಲಿನ ಕಡೆಯ ಮೂಲೆಯಲ್ಲಿ, ಬಿರಡೆ ಜಾರಿದ ಜಾಗದಲ್ಲಿ, ಬೆರಳು ನಿಂತಿತು.

"ಇಲ್ಲಿ ಬಿಟ್ಟಿದೀಯಮ್ಮ."

"ನಿನಗೆ ಗೊತ್ತಿತ್ತಾ?"

"ಅಂಗಡಿಯಲ್ಲೇ ಗೊತ್ತಾಯ್ತು. ಬೇರೆ ಬರೋಕೆ ಇನ್ನೂ ಮೂರು ದಿನ ಅಂದ್ರು. ನೀನು ನೊಂದುಕೊಳ್ತೀಯ ಅಂತ ಅಕ್ರೋಟ ಅಂದೆ."

ನೆವೆನಾ ತನ್ನ ಬೆರಳನ್ನೂ ಅಲ್ಲಿಗೆ ತಂದಳು. "ಉಬ್ಬಿಬಿಟ್ಟಿದೆ. ಇನ್ನು ಇಳಿಯಲ್ಲ."

"ಇಳಿಯದಿದ್ರೆ ಬೇಡ. ಹಚ್ಚು."

ನೆವೆನಾಳ ಬತ್ತಿ ಸವೆದು ದಾರ ಕಾಣುತ್ತಿತ್ತು. ಇಸ್ಕ್ರಾ ತನ್ನದನ್ನು ಊದಿ ಆರಿಸಿ, ಬಿಸಿ ಆರುವ ಮೊದಲೇ ಎರಡು ತುಂಡು ಮಾಡಿ ಒಂದನ್ನು ತಾಯಿಯ ಕೈಗಿಟ್ಟಳು. ತಾಯಿ ಮೂಲೆಯಲ್ಲಿ, ಮಗಳು ಉಳಿದ ಉದ್ದದಲ್ಲಿ, ಇಬ್ಬರೂ ತಲೆ ಬಗ್ಗಿಸಿ ತಿಕ್ಕತೊಡಗಿದರು. ಅವರ ಹಿಂದೆ ಪರ್ವಾನ್ ಕೈಯಲ್ಲಿದ್ದ ಬತ್ತಿಯನ್ನು ಆರಿಸಿ, ಕೋಟಿಗೆ ಒರೆಸಿ, ಬೇಕಾದರೆ ಇರಲಿ ಎಂದು ಮುಂದೆ ಚಾಚಿಕೊಂಡು ನಿಂತಿದ್ದ.